ತಾತನನ್ನು ಯಾರೂ ಕೇಳದ ಪ್ರಶ್ನೆ

ಮಂಚದ ಕೆಳಗಿನಿಂದ ಇರುವೆಯ ಸಾಲು ಹೊರಟಿರುವುದು ವಿಶಾಲಮ್ಮನ ಕಣ್ಣಿಗೆ ಬಿದ್ದದ್ದು ಸೋಮವಾರ ಬೆಳಿಗ್ಗೆ, ಮನೆ ಗುಡಿಸುವಾಗ. ಸಾಲು ಹಿಡಿದು ಬಗ್ಗಿ ನೋಡಿದರೆ ಗೋಡೆಮೂಲೆಯಲ್ಲಿ ಮೊಮ್ಮಗಳ ಹಳೇ ಸ್ಕೂಲ್ ಬ್ಯಾಗು, ಅದರೊಳಗೆ ಬಿಸ್ಕತ್ತಿನ ಡಬ್ಬಿ. ಮುಚ್ಚಳ ತೆಗೆದಾಗ ಹುಳಿ ವಾಸನೆ ಹೊಡೆಯಿತು. ಅಕ್ಕಿರೊಟ್ಟಿಯ ಚೂರುಗಳು, ಎರಡು ಬೆಲ್ಲದ ಅಚ್ಚು, ಒಂದು ಹಿಡಿ ಅಕ್ಕಿ. ಅಡಿಯಲ್ಲಿದ್ದ ರೊಟ್ಟಿಗೆ ಹಸಿರು ಬೂಸ್ಟು ಹಿಡಿದಿತ್ತು.

"ಅದ್ನ ಮುಟ್ಬೇಡ ಅಜ್ಜಿ," ಎಂದು ಸೌಜನ್ಯ ಬಾಗಿಲಿನಿಂದಲೇ ಕೂಗಿದಳು. ನಾಲ್ಕನೇ ಕ್ಲಾಸಿನ ಹುಡುಗಿ. ಒಂದು ಜಡೆ ಹಾಕಿ ಇನ್ನೊಂದನ್ನು ಹಾಗೇ ಬಿಟ್ಟಿದ್ದಳು. "ಅದು ಅವರಿಗೆ."

"ಯಾರಿಗೆ?"

"ಯುದ್ಧದಲ್ಲಿರೋ ಮಕ್ಕಳಿಗೆ. ಪಾತ್ರೆ ಹಿಡ್ಕಂಡು ಸಾಲಲ್ಲಿ ನಿಂತಿರ್ತವೆ. ಮುಗ್ದೋಯ್ತು ಅಂತ ವಾಪಸ್ ಕಳಿಸ್ಬುಡ್ತಾರೆ ಅಜ್ಜಿ."

ವಾರದಿಂದ ಹುಡುಗಿ ತಟ್ಟೆಯಲ್ಲಿ ಅರ್ಧ ಉಳಿಸಿ ಏಳುತ್ತಿದ್ದುದು ವಿಶಾಲಮ್ಮನಿಗೆ ಆಗ ಅರ್ಥವಾಯಿತು. ಕೆನ್ನೆ ಇಳಿದದ್ದೂ ಅದಕ್ಕೇ. ಜಂತುಹುಳ ಇರಬೇಕೆಂದು ಆಕೆ ಸೊಸೆಯ ಹತ್ತಿರ ಎರಡು ಸಲ ಹೇಳಿದ್ದಳು.

ಆ ಸಂಜೆ ಮುದ್ದೆ ಬಸ್ಸಾರಿನ ಮುಂದೆ ಜಗಳವಾಯಿತು. ಮಗ ಮೋಹನ್ ಸಕಲೇಶಪುರದ ಕಾಫಿ ಕ್ಯೂರಿಂಗ್ ಕಾರ್ಖಾನೆಗೆ ಪಿಕಪ್ ಓಡಿಸುತ್ತಿದ್ದ. ಸೊಸೆ ಪೂಜಿತಾ ಆಶಾ ಕಾರ್ಯಕರ್ತೆ. ಹೆತ್ತೂರು ಕಡೆಯ ಎಸ್ಟೇಟ್ ಲೈನುಗಳನ್ನೆಲ್ಲ, ಕೂಲಿಯವರ ಸಾಲುಮನೆಗಳನ್ನೆಲ್ಲ, ಕಾಲಲ್ಲೇ ಸುತ್ತುವವಳು.

"ಮಗೂಗೆ ಫೋನ್ ಕೊಡಬ್ಯಾಡ ಅಂತ ನೂರ್ ಸಲ ಹೇಳಿದೀನಿ," ಎಂದ ಮೋಹನ್.

"ನಿಮ್ಮ ಫೋನೇ ಕಣ್ರೀ ಅದು. ಊಟಕ್ಕೆ ಕೂತಾಗ ಬೆರಳಾಡಿಸ್ತಾ ಇರ್ತೀರಲ್ಲ, ಪಕ್ಕದಲ್ಲಿ ಕೂತಿರೋಳಿಗೆ ಕಣ್ಣಿಲ್ವಾ?"

"ಸಾವಿರಾರು ಮೈಲಿ ಆಚೆ ಆಗ್ತಿರೋದಕ್ಕೆ ನಾವೇನ್ ಮಾಡಾಕಾಗ್ತದೆ? ಏನೂ ಇಲ್ಲ ಅಂತ ಹೇಳು, ಮುಗೀತು."

"ಏನೂ ಇಲ್ಲ ಅಂತ ಹೆಂಗೆ ಹೇಳ್ಲಿ? ಅವಳೇ ನೋಡವ್ಳೆ."

ವಿಶಾಲಮ್ಮನ ಗಂಡ ನಂಜುಂಡ ಇಬ್ಬರ ನಡುವೆ ಕೂತು, ತಲೆ ಎತ್ತದೆ ಉಂಡ. ಅರವತ್ತು ದಾಟಿದ ಮನುಷ್ಯ. ಹದಿನೇಳು ವರ್ಷ ಮಿಲಿಟ್ರಿಯಲ್ಲಿದ್ದು ಬಂದು, ಮೂರೆಕರೆ ರೊಬಸ್ಟಾ ಕಾಫಿ ನೋಡಿಕೊಂಡಿದ್ದವನು. "ಸಾರು ಒಂಚೂರು," ಎಂದಷ್ಟೇ ಹೇಳಿದ.

ಊಟವಾದ ಮೇಲೆ ಪೂಜಿತಾ ಮಗಳನ್ನು ಜಗಲಿಯಲ್ಲಿ ತೊಡೆಗೆ ಹಾಕಿಕೊಂಡು ಕೂತಳು. ಅಡುಗೆಮನೆಯ ಕಿಟಕಿಯಿಂದ ಅವರ ಮಾತು ವಿಶಾಲಮ್ಮನಿಗೆ ಕೇಳುತ್ತಿತ್ತು.

"ಅಮ್ಮ, ನಮ್ಮನೇಗೂ ಬರುತ್ತಾ ಯುದ್ಧ?"

"ಇಲ್ಲ ಪುಟ್ಟಿ. ಇಲ್ಲಿ ಯಾವ ಯುದ್ಧಾನೂ ಇಲ್ಲ. ನಾವೆಲ್ಲ ನಿನ್ ಜೊತೇಲೇ ಇದೀವಲ್ಲ."

"ಅವ್ರ ಅಮ್ಮಂದಿರೂ ಹಂಗೇ ಹೇಳಿರ್ತಾರಲ್ವಾ?"

"ಹೇಳಿರ್ತಾರೆ," ಎಂದಳು ಪೂಜಿತಾ. "ನಂಗೂ ಎಲ್ಲಾ ಗೊತ್ತಿಲ್ಲ ಕಂದ. ನಿಂಗೆ ಭಯ ಆದಾಗ ನಂಗೆ ಹೇಳು, ಡಬ್ಬೀಲಿ ಮುಚ್ಚಿಡಬ್ಯಾಡ. ರೊಟ್ಟಿ ಅಲ್ಲೀಗಂಟ ಹೋಗಲ್ಲ. ಬೇರೆ ಏನ್ ಮಾಡಬೋದು ಅಂತ ಯೋಚ್ನೆ ಮಾಡಣ."

"ತಾತಂಗೆ ಗೊತ್ತಿರುತ್ತೆ. ತಾತ ಯುದ್ಧ ನೋಡವ್ರಲ್ಲ?"

ವಿಶಾಲಮ್ಮ ತೊಳೆಯುತ್ತಿದ್ದ ತಪ್ಪಲೆಯನ್ನು ಕೆಳಗಿಟ್ಟಳು.

ಆ ಮನೆಯಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ನಂಜುಂಡ ಶಾಂತಿಪಡೆಯ ಜೊತೆ ಲಂಕೆಗೆ ಹೋಗಿ ಬಂದ ಮರುವರ್ಷ ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗ ಆಕೆಗೆ ಹತ್ತೊಂಬತ್ತು. ಮೊದಲ ದಿನವೇ ಅತ್ತೆ ಒಳಗೆ ಕರೆದು, "ಅಲ್ಲೀದು ಕೇಳಾಕೆ ಹೋಗಬ್ಯಾಡ ಕಣವ್ವ, ಅವನು ಉಣ್ಣಾದು ಬುಟ್ಬುಡ್ತಾನೆ," ಎಂದಿದ್ದರು. ಆಕೆ ಕೇಳಲಿಲ್ಲ. ಅವನು ಬಾಗಿಲಿಗೆ ಬೆನ್ನು ಕೊಟ್ಟು ಕೂರುವುದಿಲ್ಲ, ಓಡಿ ಬರುವ ಮಕ್ಕಳನ್ನು ಕಂಡರೆ ಗೋಡೆಗೆ ಸರಿಯುತ್ತಾನೆ. ಇವನ್ನೆಲ್ಲ ಕೇಳದೆಯೇ ಕಲಿತಳು. ಮೋಹನನಿಗೆ ಹತ್ತು ತುಂಬಿದಾಗ ಸೋದರಮಾವ ಮಗ್ಗೆ ಪೇಟೆಯಿಂದ ಸೈಕಲ್ ತಂದುಕೊಟ್ಟಿದ್ದ. ರಜೆಗೆ ಬಂದ ನಂಜುಂಡ ಅದನ್ನು ಕಂಡವನೇ ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಯಾರಿಗೋ ಕೊಟ್ಟು ಬಂದ. ಹುಡುಗ ಮೂರು ದಿನ ಅತ್ತ. ಆಗಲೂ ಆಕೆ ಯಾಕೆಂದು ಕೇಳಲಿಲ್ಲ.

ಸೌಜನ್ಯ ಕೇಳಿದ್ದು ಭಾನುವಾರ ಮಧ್ಯಾಹ್ನ, ಎಲ್ಲರೂ ಕಡುಬು ಕೋಳಿಸಾರಿಗೆ ಕೂತಿದ್ದಾಗ.

"ತಾತ, ನೀನು ಯುದ್ಧಕ್ಕೆ ಹೋಗಿದ್ಯಲ್ಲ, ಅಲ್ಲಿ ಮಕ್ಕಳಿದ್ರಾ?"

ಮೋಹನ್ ಕೆಮ್ಮಿದ. ವಿಶಾಲಮ್ಮ, "ಉಣ್ಣು ಸುಮ್ಕೆ," ಎಂದಳು.

"ಅವ್ರಿಗೆ ಊಟ ಯಾರು ಕೊಡ್ತಿದ್ರು ತಾತ? ನೀನು ಕೊಟ್ಯಾ?"

ನಂಜುಂಡ ಮುರಿದ ಕಡುಬನ್ನು ಸಾರಿಗೆ ಅದ್ದಿದ್ದವನು ಹಾಗೇ ತಟ್ಟೆಯಲ್ಲಿ ಬಿಟ್ಟ. ಎದ್ದು ಕೈ ತೊಳೆದುಕೊಂಡು ಕಾಫಿ ಒಣಗಿಸುವ ಕಣಕ್ಕೆ ಹೋದ. ಹಲಗೆಯಲ್ಲಿ ಕಾಫಿ ಹರವುವ ಸದ್ದು, ಸರ್ರ್ ಸರ್ರ್ ಎಂದು, ಸಂಜೆಯವರೆಗೂ ಕೇಳುತ್ತಿತ್ತು.

ಮರುದಿನದಿಂದ ಅವನು ಮನೆಯೊಳಗೆ ಊಟಕ್ಕೆ ಬರಲಿಲ್ಲ. ಕಣದ ಪಕ್ಕದ ಸ್ಟೋರಿನಲ್ಲಿ ಮೂಟೆಯ ಮೇಲೆ ಕೂತು, ವಿಶಾಲಮ್ಮ ತಂದುಕೊಟ್ಟದ್ದನ್ನು ಎರಡು ತುತ್ತು ಉಂಡು ತಟ್ಟೆ ಸರಿಸುತ್ತಿದ್ದ. ಹದಿಮೂರು ದಿನ ಹಾಗೇ ನಡೆಯಿತು. ತಟ್ಟೆ ಹಿಡಿದು ಕಣ ದಾಟುವಾಗೆಲ್ಲ ವಿಶಾಲಮ್ಮನ ಸಿಟ್ಟು ಮಗುವಿನ ಕಡೆಗೇ ತಿರುಗುತ್ತಿತ್ತು. ಒಂದು ಬೆಳಿಗ್ಗೆ ಜಡೆ ಹಾಕುತ್ತಾ ಕೂದಲನ್ನು ಜಗ್ಗಿ, "ಎಲ್ಲಾ ನಿನ್ನಿಂದ್ಲೇ ಆಗಿದ್ದು," ಎಂದುಬಿಟ್ಟಳು.

ಅಂದಿನಿಂದ ಸೌಜನ್ಯ ಯಾರನ್ನೂ ಏನೂ ಕೇಳಲಿಲ್ಲ. ಕರೆದರೆ ಬರುತ್ತಾಳೆ, ಕೂರು ಎಂದರೆ ಕೂರುತ್ತಾಳೆ. ತಟ್ಟೆಯ ಅನ್ನವನ್ನು ಬೆರಳಲ್ಲಿ ಹರಡಿ, ಮತ್ತೆ ಗುಡ್ಡೆ ಮಾಡಿ, ನೀರು ಕುಡಿದು ಎದ್ದುಹೋಗುತ್ತಾಳೆ. ಸ್ಕೂಲಿನಲ್ಲಿ ತಲೆ ಸುತ್ತಿ ಕೂತಳೆಂದು ಟೀಚರ್ ಫೋನ್ ಮಾಡಿದ ದಿನ ಪೂಜಿತಾ ಲೈನಿನಿಂದ ಓಡಿ ಬಂದಳು.

"ಅತ್ತೆ, ಮಗೂಗೆ ಏನಂದ್ರಿ ನೀವು?"

"ನಾನೇನಂದೆ? ಮನೆ ಯಜಮಾನ್ರು ಕಣದಲ್ಲಿ ಕೂತು ಉಣ್ಣೋ ಹಂಗಾಯ್ತಲ್ಲ, ಅದ್ನ ಅಂದೆ."

"ಅವಳು ಊಟ ಬುಟ್ಟವ್ಳೆ, ಮಾವ ಊಟ ಬುಟ್ಟವ್ರೆ. ಇಬ್ರದ್ದೂ ಒಂದೇ ಕಾಯಿಲೆ ಅಂತ ನಿಮಗೆ ಕಾಣಲ್ವಾ?" ಪೂಜಿತಾ ಹೆಗಲ ಚೀಲ ಕೆಳಗಿಟ್ಟಳು. "ಮೂವತ್ತೈದು ವರ್ಷ ಸುಮ್ಕಿದ್ದು ಏನ್ ವಾಸಿ ಆಯ್ತು ಹೇಳಿ? ಈಗ ಮಗೂ ಬಾಯೂ ಮುಚ್ಚಿಸ್ತಾ ಇದೀರ."

ಸೊಸೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ವಿಶಾಲಮ್ಮ ಒಲೆಯ ಮುಂದೆ ಕೂತಳು. ಉರಿ ಆರಿಹೋದದ್ದೂ ಆಕೆಗೆ ತಿಳಿಯಲಿಲ್ಲ.

ಆ ಭಾನುವಾರ ಕೊನೆಯ ಸುತ್ತಿನ ಹಣ್ಣು ಕೊಯ್ಯಲು ಗಂಗಾಮಣಿ ಬಂದಳು. ಎಸ್ಟೇಟ್ ಕೆಲಸದಿಂದ ರಿಟೈರ್ ಆಗಿ ಲೈನಿನಲ್ಲೇ ಉಳಿದಿದ್ದ ಮುದುಕಿ, ಸಣ್ಣ ಬೆಳೆಗಾರರ ತೋಟಕ್ಕೆ ಕೂಲಿಗೆ ಬರುವವಳು. ಲಂಕೆಯಿಂದ ದೋಣಿಯಲ್ಲಿ ಬಂದು, ನಿರಾಶ್ರಿತರ ಕ್ಯಾಂಪಿನಲ್ಲಿದ್ದು, ಆಮೇಲೆ ಕೂಲಿಯವರನ್ನು ಕರೆತರುವ ಮೇಸ್ತ್ರಿಯ ಹಿಂದೆ ಈ ಗುಡ್ಡ ಹತ್ತಿದವಳು ಎಂಬುದು ಊರಿಗೆಲ್ಲ ಗೊತ್ತು. ಆಕೆ ತೋಟದ ಮೇಲ್ಗಡೆ ಇದ್ದರೆ ನಂಜುಂಡ ಕೆಳಗಡೆ ಇರುತ್ತಿದ್ದ. ಅದೂ ಈ ಮನೆಯಲ್ಲಿ ಕೇಳದೆ ಕಲಿತ ಸಂಗತಿ.

ಹತ್ತು ಗಂಟೆಗೆ ವಿಶಾಲಮ್ಮ ಕಣದ ಅಂಚಿಗೆ ಕಾಫಿ, ರೊಟ್ಟಿ ತಂದಳು. ಗಂಗಾಮಣಿ ಗೋಣಿ ಹಾಸಿಕೊಂಡು ಕೂತಳು. ಪೂಜಿತಾ ಮಗಳನ್ನು ಕೈ ಹಿಡಿದು ಕರೆದುಕೊಂಡು ಬಂದು ಆಕೆಯ ಎದುರು ಕೂರಿಸಿದಳು. ಸ್ಟೋರಿನ ಹಿಂದೆ ಹಲಗೆಯ ಸದ್ದು ನಡೆದೇ ಇತ್ತು.

"ಈ ಅಜ್ಜಿನ ಕೇಳು. ಇವರು ನೋಡವ್ರೆ," ಎಂದಳು ಪೂಜಿತಾ.

ಸೌಜನ್ಯ ತನ್ನ ಅಜ್ಜಿಯ ಮುಖ ನೋಡಿದಳು. ವಿಶಾಲಮ್ಮ ಲೋಟಕ್ಕೆ ಕಾಫಿ ಬಗ್ಗಿಸುತ್ತಾ ಕಣ್ಣು ತಪ್ಪಿಸಿದಳು.

"ಯುದ್ಧ ಆದಾಗ ನಿಮಗೆ ಯಾರಾದ್ರೂ ಸಹಾಯ ಮಾಡಿದ್ರಾ?" ಎಂದು ಹುಡುಗಿ ಮೆಲ್ಲಗೆ ಕೇಳಿದಳು.

ಗಂಗಾಮಣಿ ರೊಟ್ಟಿ ಮುರಿದು ಕಾಫಿಗೆ ಅದ್ದಿ ಬಾಯಿಗಿಟ್ಟುಕೊಂಡಳು. "ಕ್ಯಾಂಪಲ್ಲಿ ಅಕ್ಕಿ ಕೊಟ್ರು, ಸೀರೆ ಕೊಟ್ರು. ಎಲ್ಲಾ ಎಸ್ದಂಗೆ ಕೊಡೋರು. ಒಬ್ಬಮ್ಮ ಮಾತ್ರ ಬಾಚಣಿಗೆ ಕೊಟ್ಳು ಕಂದ. ತಲೆ ಪೂರ್ತಿ ಹೇನು ನಂಗೆ. ಆಯಮ್ಮ ಕೊಟ್ಟು ಹೋಗ್ಲಿಲ್ಲ, ಕೂತ್ಕಂಡು ಬಾಚುದ್ಳು. ಅವತ್ತು ಅತ್ಬುಟ್ಟೆ ನಾನು. ಅಲ್ಲೀಗಂಟ ಅಳು ಬಂದಿರ್ಲಿಲ್ಲ."

"ಯಾಕೆ ಅತ್ರಿ?"

"ತಮ್ಮ ಇದ್ದ. ಹದಿಮೂರು ವರ್ಷ. ಸೀಮೆಎಣ್ಣೆ ತತ್ತೀನಿ ಅಂತ ಹೋದೋನು ಬರ್ಲಿಲ್ಲ. ಮಿಲಿಟ್ರಿಯವ್ರು ರೋಡಲ್ಲಿದ್ರು, ಹುಡ್ಕಾಕೂ ಬುಡ್ಲಿಲ್ಲ."

ಹಲಗೆಯ ಸದ್ದು ನಿಂತಿತು. ವಿಶಾಲಮ್ಮ ತಿರುಗಿ ನೋಡಿದಾಗ ನಂಜುಂಡ ಸ್ಟೋರಿನ ಗೋಡೆ ಹಿಡಿದುಕೊಂಡು ಬಿಸಿಲಿಗೆ ಬಂದು ನಿಂತಿದ್ದ.

"ಅವನ ಹತ್ರ ಸೈಕಲ್ ಇತ್ತಾ?" ಎಂದು ಕೇಳಿದ.

ಗಂಗಾಮಣಿ ಲೋಟ ಕೆಳಗಿಟ್ಟಳು. "ಇರ್ಲಿಲ್ಲ ಗೌಡ್ರೆ. ಯಾರ್ದಾದ್ರೂ ಇಸ್ಕಂಡಿದ್ರೆ ನಂಗೊತ್ತಿಲ್ಲ." ಅವನ ಕಡೆ ತಿರುಗಿ, "ನೀವು ಅಲ್ಲಿಗೆ ಬಂದಿದ್ದೋರು ಅಂತ ನಂಗೆ ಇಪ್ಪತ್ತು ವರ್ಷದಿಂದ ಗೊತ್ತು," ಎಂದಳು.

ಪಿಕಪ್ ತೊಳೆಯುತ್ತಿದ್ದ ಮೋಹನ್ ಪೈಪು ಬಿಟ್ಟು ಬಂದ. "ಮಗೂನ ಒಳಕ್ಕೆ ಕರ್ಕಂಡೋಗು," ಎಂದು ಹೆಂಡತಿಗೆ ಹೇಳಿದ.

"ಇರ್ಲಿ," ಎಂದ ನಂಜುಂಡ. "ಕೇಳಿದ್ದು ಅವಳೇ."

ಅವನು ಕೂರಲಿಲ್ಲ. ನಿಂತೇ ಹೇಳಿದ. ಕಾಫಿಹಣ್ಣಿನ ಮೇಲೆ ಕಣ್ಣು ನೆಟ್ಟು, ಯಾರಿಗೋ ರಿಪೋರ್ಟ್ ಕೊಡುವವನಂತೆ ಹೇಳಿದ.

"ಬೆಳಿಗ್ಗೆ. ತಾಳೆಗರಿ ಬೇಲಿ, ಸಣ್ಣ ಓಣಿ. ಹಿಂದಿನ ದಿನ ನಮ್ಮೋರು ಇಬ್ರು ಸತ್ತಿದ್ರು. ಒಬ್ಬ ಹುಡುಗ ಸೈಕಲ್‌ನಲ್ಲಿ ಬಂದ. ಹಿಂದ್ಗಡೆ ಏನೋ ಕಟ್ಕಂಡಿದ್ದ. ನಮ್ಮೋರು ಹಿಂದೀಲಿ ಕೂಗುದ್ರು. ಅವನಿಗೆ ಹಿಂದಿ ಎಲ್ಲಿ ಬರ್ಬೇಕು? ಹೆದ್ರಿ ಜೋರಾಗಿ ತುಳುದ. ನಮ್ ಗುಂಪಲ್ಲಿ ತಮಿಳು ಗೊತ್ತಿದ್ದೋನು ನಾನೊಬ್ನೇ, ಚಿಕ್ಕೋನಿದ್ದಾಗ ಇದೇ ಲೈನಿನ ಹುಡುಗ್ರ ಜೊತೆ ಆಡಿ ಕಲ್ತಿದ್ದು. ನಿಲ್ಲು ಅಂದಿದ್ರೆ ಸಾಕಿತ್ತು. ಅವರ ಭಾಷೇಲೂ ನಿಲ್ಲು, ನಮ್ ಭಾಷೇಲೂ ನಿಲ್ಲು. ಬಾಯಿಗೆ ಬರ್ಲಿಲ್ಲ. ಮೂರು ಜನ ಗುಂಡು ಹೊಡುದ್ವಿ."

ಕಣದ ಆಚೆ ಪೈಪಿನ ನೀರು ಹರಿಯುತ್ತಲೇ ಇತ್ತು.

"ಕಟ್ಕಂಡಿದ್ದು ಏನ್ ತಾತ?"

"ನೋಡ್ಲಿಲ್ಲ ಮಗ. ಮುಂದಕ್ಕೆ ಹೋಗಿ ಅಂದ್ರು, ಹೋದ್ವಿ. ಆ ಊರಿನ ಹೆಸರೂ ಗೊತ್ತಿಲ್ಲ. ಮ್ಯಾಪಲ್ಲಿ ನಂಬರ್ ಇತ್ತು ಅಷ್ಟೇಯ."

ಮೋಹನ್ ತಂದೆಯ ಮುಖವನ್ನೇ ನೋಡುತ್ತಿದ್ದ. ಆಮೇಲೆ ಹೋಗಿ ನಲ್ಲಿ ನಿಲ್ಲಿಸಿ, ಅಲ್ಲೇ ಬೆನ್ನು ತಿರುಗಿಸಿ ನಿಂತುಬಿಟ್ಟ.

ಗಂಗಾಮಣಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಅವ್ನು ನಮ್ ಹುಡುಗನೇ ಅಂತ ನಾನು ಹೇಳಾಕಿಲ್ಲ ಗೌಡ್ರೆ. ಅಲ್ಲ ಅಂತಾನೂ ಹೇಳಾಕಿಲ್ಲ. ನಂಗೆ ಗೊತ್ತಾಗಾದು ಹೆಂಗೆ?" ಎದ್ದು ಸೊಂಟಕ್ಕೆ ಚೀಲ ಕಟ್ಟಿಕೊಂಡಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಸೌಜನ್ಯಳಿಗೆ ಹೇಳಿದಳು. "ದೂರದೋರಿಗೆ ರೊಟ್ಟಿ ಎತ್ತಿಡ್ತೀಯಂತಲ್ಲ ಕಂದ. ಹೊಸ ಲೈನಿಗೆ ಮಣಿಪುರದೋರು ಬಂದವ್ರೆ. ಅಲ್ಲಿನ ಗಲಾಟೇಲಿ ಅವ್ರ ಊರು ಸುಟ್ಟೋಗದೆ. ಅಲ್ಲೊಂದು ಹುಡುಗಿ ಅದೆ, ನಿನ್ನಷ್ಟೇಯ. ಬಾಯೇ ಬುಡಾಕಿಲ್ಲ."

ಆಕೆ ಆ ದಿನ ಐದು ಗಂಟೆಯವರೆಗೂ ಕೊಯ್ದಳು. ಆಮೇಲೆ ಆ ತೋಟಕ್ಕೆ ಮತ್ತೆ ಬರಲಿಲ್ಲ. ವಿಶಾಲಮ್ಮ ಎರಡು ಸಲ ಹೇಳಿ ಕಳಿಸಿದರೂ ಬರಲಿಲ್ಲ.

ಆ ರಾತ್ರಿ ನಂಜುಂಡ ಊಟಕ್ಕೆ ಒಳಗೆ ಬಂದ. ಎಲ್ಲವೂ ಸರಿಹೋಯಿತೆಂದಲ್ಲ. ಕೆಲವು ದಿನ ಅನ್ನದ ಮುಂದೆ ಕೂತವನು ಕೂತೇ ಇರುತ್ತಿದ್ದ, ಸೌಜನ್ಯ ಪಕ್ಕಕ್ಕೆ ಸರಿದು, "ತಾತ, ಕಲ್ಸು," ಎನ್ನುತ್ತಿದ್ದಳು. ಅವನು ಕಲಸುತ್ತಿದ್ದ. ಅವಳು ಒಂದು ತುತ್ತು ತಿಂದರೆ ಅವನೊಂದು ತುತ್ತು.

ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹುಡುಗಿ ಕೇಳಿದಳು: "ಅಜ್ಜಿ, ತಾತನ್ನ ನೀನ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೋವಾಗ್ತದೆ ಅಂತ."

"ಯಾರಿಗೆ?"

ವಿಶಾಲಮ್ಮ ಸೋಪು ಹಚ್ಚಿದ್ದ ಅಂಗಿಯನ್ನೇ ಮತ್ತೆ ಹಚ್ಚಿದಳು. ಅವನಿಗೆ ಎಂದು ಹೇಳಬಹುದಿತ್ತು. "ನಂಗೆ ಭಯ ಇತ್ತು ಕಣೇ," ಎಂದಳು ಕೊನೆಗೆ. "ಆಮೇಲೆ ಅವ್ರ ಜೊತೆ ಇರಾಕೆ ಆಗ್ದಿದ್ರೆ ಅಂತ." ಅಂಗಿಯನ್ನು ನೀರಿಗೆ ಅದ್ದಿ ಹಿಂಡುತ್ತಾ, ಅವತ್ತು ಜಡೆ ಜಗ್ಗಿದ್ದಕ್ಕೆ, "ತಪ್ಪಾಯ್ತು ಪುಟ್ಟಿ," ಎಂದೂ ಹೇಳಿದಳು.

ಹೊಸ ಲೈನಿಗೆ ಹೋಗುವುದೆಂದು ಪೂಜಿತಾ ಮತ್ತು ಸೌಜನ್ಯ ತೀರ್ಮಾನ ಮಾಡಿದರು. ಸೌಜನ್ಯಳ ಕ್ಲಾಸಿನವರು ಸೋಪು, ಬಾಚಣಿಗೆ, ತಲೆಗೆ ಹಾಕುವ ಕ್ಲಿಪ್ಪು ಒಟ್ಟುಮಾಡಿದರು. ಆದರೆ ಅಲ್ಲಿಯವರಿಗೆ ಹಿಂದಿ ಬರುತ್ತದೆ, ಕನ್ನಡ ಬರದು; ಪೂಜಿತಾಳಿಗೆ ಹಿಂದಿ ಬರದು. ಮೋಹನ್, "ಅಪ್ಪಂಗೆ ಬರ್ತದಲ್ಲ," ಎಂದ.

ನಂಜುಂಡ ಮಿಲಿಟ್ರಿ ಬಿಟ್ಟ ಮೇಲೆ ಒಂದು ಹಿಂದಿ ಮಾತು ಆಡಿದ್ದನ್ನು ಆ ಮನೆ ಕೇಳಿರಲಿಲ್ಲ.

"ಬರ್ತೀನಿ," ಎಂದ.

ಮೊದಲ ದಿನ ಕೆಲಸ ಕೆಟ್ಟಿತು. ಚಳಿಯೆಂದು ನಂಜುಂಡ ಮಿಲಿಟ್ರಿಯ ಹಳೇ ಸ್ವೆಟರ್ ಹಾಕಿಕೊಂಡು ಹೋಗಿದ್ದ. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸು ಅವನನ್ನು ಕಂಡವಳೇ ಪಕ್ಕದಲ್ಲಿದ್ದ ಮಗಳನ್ನು ತೋಳು ಹಿಡಿದು ಒಳಗೆಳೆದು ಚಿಲಕ ಹಾಕಿಕೊಂಡಳು. ಮೊರದ ಅಕ್ಕಿ ಮೆಟ್ಟಿಲ ಮೇಲೆಲ್ಲ ಚೆಲ್ಲಿತು. ಬರುವಾಗ ದಾರಿಯುದ್ದಕ್ಕೂ ನಂಜುಂಡ ಎಲ್ಲರಿಗಿಂತ ಮುಂದೆ ನಡೆದ. ಮನೆಗೆ ಬಂದು, "ನಾನ್ ಬರಲ್ಲ. ನನ್ ಮುಖದಲ್ಲೇ ಐತೆ ಅದು," ಎಂದ.

"ಮುಖದಲ್ಲಿ ಏನಿಲ್ಲ, ಸ್ವೆಟರಲ್ಲಿ ಐತೆ. ಬಿಚ್ಚಿ ಕೊಡಿ," ಎಂದಳು ವಿಶಾಲಮ್ಮ. "ನಾಳೆ ನಾನೂ ಬರ್ತೀನಿ."

ಮರುದಿನ ಮಧ್ಯಾಹ್ನ ಹೋದರು. ನಂಜುಂಡ ಪಂಚೆ ಉಟ್ಟು, ದೂರದಲ್ಲೇ ನೆಲದ ಮೇಲೆ ಕೂತು, ಅಲ್ಲಿಂದಲೇ ಹಿಂದಿಯಲ್ಲಿ ಮೆಲ್ಲಗೆ ಮಾತಾಡಿದ. ತಡವರಿಸಿ, ಪದ ಹುಡುಕಿ ಆಡಿದ. ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು. ಹುಡುಗಿಯ ಹೆಸರು ಕಿಮ್. ಸೌಜನ್ಯ ಕ್ಲಿಪ್ಪುಗಳನ್ನು ಒಂದೊಂದಾಗಿ ತನ್ನ ತಲೆಗೇ ಹಾಕಿಕೊಂಡು ತೋರಿಸಿದಳು. ಕಿಮ್ ನಗಲಿಲ್ಲ, ಆದರೆ ಹತ್ತಿರ ಬಂದಳು.

ಆಮೇಲೆ ವಿಶಾಲಮ್ಮ ಪ್ರತಿದಿನ ಹೋದಳು. ಕಿಮ್‌ಳನ್ನು ಮುಂದೆ ಕೂರಿಸಿಕೊಂಡು, ಎಣ್ಣೆ ಹಚ್ಚಿ, ಸಣ್ಣಹಲ್ಲಿನ ಬಾಚಣಿಗೆಯಲ್ಲಿ ಹೇನು ತೆಗೆದಳು. ಪೂಜಿತಾ ಹೆಡ್‌ಮಾಸ್ಟರ ಹತ್ತಿರ ಮಾತಾಡಿ ಹುಡುಗಿಯನ್ನು ನಾಲ್ಕನೇ ಕ್ಲಾಸಿಗೆ ಕೂರಿಸುವಂತೆ ಮಾಡಿದಳು.

ಆರನೆಯ ದಿನ ಕಿಮ್ ಮತ್ತು ಸೌಜನ್ಯ ತಲೆ ತೊಳೆಯಲು ನಲ್ಲಿಯ ಹತ್ತಿರ ಓಡಿದರು. ವಿಶಾಲಮ್ಮ ಬಾಚಣಿಗೆ ಒರೆಸಿ ಎದ್ದೇಳಬೇಕು, ಅಷ್ಟರಲ್ಲಿ ಕಿಮ್‌ಳ ತಾಯಿ ಬಂದು, ಮಗಳು ಕೂತಿದ್ದ ಜಾಗದಲ್ಲಿ ಬೆನ್ನು ತಿರುಗಿಸಿ ಕೂತಳು. ಕೈಯೆತ್ತಿ ತನ್ನ ಗಂಟು ತಾನೇ ಬಿಚ್ಚಿದಳು. ಕೂದಲು ಸೊಂಟದವರೆಗೆ ಬಿತ್ತು. ಕಿವಿಯ ಹಿಂದೆ ಬೆರಳುದ್ದ ಸುಟ್ಟ ಗಾಯ ಮಾಗಿ ಹೊಳೆಯುತ್ತಿತ್ತು, ಅಲ್ಲಿ ಕೂದಲಿರಲಿಲ್ಲ.

ವಿಶಾಲಮ್ಮ ಅದರ ಸುತ್ತ ನಿಧಾನವಾಗಿ ಬಾಚತೊಡಗಿದಳು. ಆ ಹೆಂಗಸು ಗೋಡೆ ನೋಡುತ್ತಾ ಹಿಂದಿಯಲ್ಲಿ ಮಾತಿಗೆ ಶುರುಮಾಡಿದಳು. ಸಣ್ಣ ದನಿ, ನಿಲ್ಲದ ಮಾತು. ಬಾಗಿಲ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದ ನಂಜುಂಡ ಕನ್ನಡದಲ್ಲಿ ಹೇಳುತ್ತಾ ಹೋದ. "ಬೆಳಗಿನ ಜಾವ ಅಂತೆ... ಮೊದ್ಲು ಚರ್ಚಿಗೆ ಬೆಂಕಿ ಇಟ್ರಂತೆ... ಅತ್ತೆಗೆ ನಡೆಯಾಕೆ ಆಗ್ತಿರ್ಲಿಲ್ವಂತೆ... ಕಿಮ್‌ಗೊಬ್ಬ ಅಣ್ಣ ಇದ್ನಂತೆ..."

ಅಲ್ಲಿಗೆ ನಿಲ್ಲಿಸಿದ. ಆ ಹೆಂಗಸು ಹೇಳುತ್ತಲೇ ಇದ್ದಳು. ನಂಜುಂಡನ ಕಣ್ಣು ಲೈನಿನ ಆಚೆ, ದಾರಿಯ ಕಡೆ ಹೋಗಿತ್ತು. ಆ ಮುಖ ವಿಶಾಲಮ್ಮನಿಗೆ ಚೆನ್ನಾಗಿ ಗೊತ್ತು. ಅದನ್ನು ಕಂಡಾಗೆಲ್ಲ ಆಕೆ ಏನಾದರೊಂದು ಕೆಲಸ ನೆನಪಿಸಿಕೊಂಡು ಅಡುಗೆಮನೆಗೆ ಎದ್ದುಹೋಗಿದ್ದಳು.

"ಏನಂತಾಳೆ?"

"ಬ್ಯಾಡ ವಿಶಾಲು."

ವಿಶಾಲಮ್ಮ ಏಳಲಿಲ್ಲ. ಎಡಗೈಯನ್ನು ಆ ಹೆಂಗಸಿನ ಹೆಗಲ ಮೇಲಿಟ್ಟಳು, ಬಲಗೈಯ ಬಾಚಣಿಗೆ ನಿಲ್ಲಲಿಲ್ಲ.

"ನಾನು ಕೇಳ್ತಾ ಇದೀನಿ," ಎಂದಳು ಗಂಡನಿಗೆ. "ನಿಧಾನಕ್ಕೆ ಹೇಳಿ."

ನಂಜುಂಡ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಬಾಗಿಲಿನ ಕಡೆ ತಿರುಗಿ, ದಾರಿಗೆ ಬೆನ್ನು ಹಾಕಿ ಕೂತು, ಕಿಮ್‌ಳ ಅಣ್ಣನ ಹೆಸರಿನಿಂದ ಮತ್ತೆ ಶುರುಮಾಡಿದ.